ಕೆಟ್ಟಿದ್ದು ಬಾಡಿನಾ, ಲೆನ್ಸಾ, ಸೆಟ್ಟಿಂಗಾ? ಹವ್ಯಾಸಿ ಫೋಟೋಗ್ರಾಫರ್‌ಗಳಿಗೆ ಅಧ್ಯಯನ ಟಿಪ್ಪಣಿ

ಫೋಟೋಗ್ರಫಿ ಶುರು ಮಾಡಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಯಾವ ಕಂಪನಿ ಕ್ಯಾಮೆರಾ ಒಳ್ಳೇದು? ಸ್ವಲ್ಪ ದಿನ ಕಳೆದ ಮೇಲೆ ಅದೇ ಜನ ಕೇಳುವ ಎರಡನೇ ಪ್ರಶ್ನೆ: ನನ್ನ ಕ್ಯಾಮೆರಾ ಯಾಕೆ ಹೀಗೆ ಮಾಡ್ತಿದೆ? ಈ ಎರಡನ್ನೂ ಬೇರೆ ಬೇರೆ ವಿಷಯ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಓದುತ್ತಾ, ಬಿಚ್ಚಿ ನೋಡುತ್ತಾ ಹೋದಂತೆ ಗೊತ್ತಾಗಿದ್ದು ಏನೆಂದರೆ, ಎರಡೂ ಪ್ರಶ್ನೆ ಬಂದು ನಿಲ್ಲುವುದು ಒಂದೇ ಜಾಗದಲ್ಲಿ. ಲೆನ್ಸ್ ಬಂದು ಕೂರುವ ಆ ದುಂಡನೆಯ ಲೋಹದ ಬಳೆ ಇದೆಯಲ್ಲ, ಮೌಂಟ್, ಅಲ್ಲಿ. ಕಂಪನಿ ಆರಿಸುವುದು ಅಂದರೆ ಮೌಂಟ್ ಆರಿಸುವುದು. ತೊಂದರೆ ಹುಡುಕುವುದು ಅಂದರೆ ಆ ಮೌಂಟ್‌ನ ಈ ಕಡೆ ತಪ್ಪಿದೆಯೋ ಆ ಕಡೆ ತಪ್ಪಿದೆಯೋ ಅಂತ ನೋಡುವುದು.

ಕಂಪನಿ ಅಂದರೆ ಮೌಂಟ್

ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೆಲವು ವರ್ಷಕ್ಕೆ ಹಳೆಯದಾಗುತ್ತದೆ, ಲೆನ್ಸ್ ಹಾಗಲ್ಲ. ಚೆನ್ನಾಗಿ ನೋಡಿಕೊಂಡ ಲೆನ್ಸ್ ಮೂವತ್ತು ವರ್ಷ ಆದರೂ ಕೆಲಸ ಮಾಡುತ್ತದೆ. ನಿಕಾನ್ ಎಫ್ ಮೌಂಟ್ ಬಂದದ್ದು 1959ರಲ್ಲಿ, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಕಾಲದವರೆಗೂ ಅದೇ ಮೌಂಟ್ ಉಳಿಯಿತು. ಕ್ಯಾನನ್ 1987ರಲ್ಲಿ ಹಳೆಯದನ್ನು ಬಿಟ್ಟು ಇಎಫ್ ಮೌಂಟ್ ತಂದಿತು. ಅದರಲ್ಲಿ ಬಾಡಿಗೂ ಲೆನ್ಸಿಗೂ ನಡುವೆ ಸನ್ನೆಗೋಲು (ಲಿವರ್), ಕೊಕ್ಕೆ ಏನೂ ಇಲ್ಲ, ಮಾತೆಲ್ಲ ವಿದ್ಯುತ್ ಕಾಂಟ್ಯಾಕ್ಟ್‌ಗಳಲ್ಲೇ ನಡೆಯುತ್ತದೆ. ಆಗ ಹಳೆಯ ಲೆನ್ಸ್ ಇದ್ದವರಿಗೆ ಬೇಸರವಾಗಿರುತ್ತದೆ, ಆದರೆ ಮುಂದೆ ಬಂದ ಎಲ್ಲ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಮೌಂಟ್‌ಗಳೂ ಅದೇ ದಾರಿ ಹಿಡಿದವು.

ಸೋನಿ 2006ರಲ್ಲಿ ಕೊನಿಕಾ ಮಿನೋಲ್ಟಾದ ಕ್ಯಾಮೆರಾ ವ್ಯವಹಾರವನ್ನು ತೆಗೆದುಕೊಂಡಿತು. ಹಾಗಾಗಿ ಸೋನಿಯ ಎ ಮೌಂಟ್ ಅಂದರೆ ಮಿನೋಲ್ಟಾ 1985ರಲ್ಲಿ ತಂದದ್ದೇ. ಈಗ ನಾವು ನೋಡುವ ಇ ಮೌಂಟ್ 2010ರದ್ದು. ಫ್ಯೂಜಿಯ ಎಕ್ಸ್ ಮೌಂಟ್ 2012. ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಎರಡೂ 2018. ಒಲಿಂಪಸ್ ಮತ್ತು ಪ್ಯಾನಸೋನಿಕ್ 2008ರಲ್ಲಿ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಮಾಡಿದ್ದರಿಂದ ಒಬ್ಬರ ಲೆನ್ಸ್ ಇನ್ನೊಬ್ಬರ ಬಾಡಿಗೆ ಹಾಗೇ ಕೂರುತ್ತದೆ. ಎಲ್ ಮೌಂಟ್‌ನಲ್ಲೂ ಹಾಗೇ, ಲೈಕಾ, ಪ್ಯಾನಸೋನಿಕ್, ಸಿಗ್ಮಾ ಒಟ್ಟಿಗೆ ಇದ್ದಾರೆ.

ಇನ್ನು ಅಡಾಪ್ಟರ್, ಅಂದರೆ ಒಂದು ಮೌಂಟ್‌ನ ಲೆನ್ಸನ್ನು ಇನ್ನೊಂದು ಮೌಂಟ್‌ಗೆ ಕೂರಿಸುವ ಸಾಧನ, ಅದರ ವಿಷಯ. ಇದನ್ನು ಒಂದು ಸಲ ಸರಿಯಾಗಿ ಅರ್ಥ ಮಾಡಿಕೊಂಡರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ಮೌಂಟ್‌ನಿಂದ ಸೆನ್ಸರ್‌ವರೆಗೆ (ಚಿತ್ರ ಹಿಡಿಯುವ ಚಿಪ್) ಎಷ್ಟು ದೂರ ಅನ್ನುವುದು ಪ್ರತಿ ಮೌಂಟ್‌ಗೂ ನಿಗದಿ. ಇದಕ್ಕೆ ಫ್ಲ್ಯಾಂಜ್ ದೂರ ಅನ್ನುತ್ತಾರೆ. ಕ್ಯಾನನ್ ಇಎಫ್ 44 ಮಿ.ಮೀ., ಆರ್‌ಎಫ್ 20 ಮಿ.ಮೀ. ನಿಕಾನ್ ಎಫ್ 46.5, ಝಡ್ 16. ಸೋನಿ ಇ 18. ಮಿರರ್‌ಲೆಸ್‌ನಲ್ಲಿ ಒಳಗೆ ಕನ್ನಡಿ ಆಡೋಕೆ ಜಾಗ ಬೇಡ, ಅದಕ್ಕೇ ಇಷ್ಟು ಕಡಿಮೆ. ಇಎಫ್ ಲೆನ್ಸನ್ನು ಆರ್‌ಎಫ್ ಬಾಡಿಗೆ ಹಾಕಬೇಕಾದರೆ ಉಳಿದ 24 ಮಿ.ಮೀ. ಉದ್ದದ ಟೊಳ್ಳು ಕೊಳವೆ ನಡುವೆ ಇಟ್ಟರೆ ಆಯಿತು. ಅದೇ ಅಡಾಪ್ಟರ್, ಒಳಗೆ ಗಾಜಿಲ್ಲ. ತಿರುಗಾಮುರುಗಾ ಮಾಡೋಕೆ ಆಗಲ್ಲ. ಮಿರರ್‌ಲೆಸ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕಬೇಕಾದರೆ ಅದು ಬಾಡಿಯ ಒಳಗೆ 24 ಮಿ.ಮೀ. ನುಗ್ಗಿ ಕೂರಬೇಕು, ಅಲ್ಲಿ ಕನ್ನಡಿ ಇದೆ.

ಇಲ್ಲಿ ಹೊಸಬರು ಎಡವುವ ಜಾಗಗಳಿವೆ, ಅವನ್ನೇ ಆಮೇಲೆ ‘ಲೆನ್ಸ್ ಕೆಟ್ಟಿದೆ’ ಅಂತ ತಿಳಿಯುತ್ತಾರೆ. ನಿಕಾನ್‌ನ ಹಳೆಯ ಎಎಫ್ ಮತ್ತು ಎಎಫ್-ಡಿ ಲೆನ್ಸ್‌ಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಬಾಡಿಯಲ್ಲಿರುವ ಮೋಟಾರ್ ಒಂದು ಸಣ್ಣ ಸ್ಕ್ರೂ ತಿರುಗಿಸಿ ಫೋಕಸ್ ಮಾಡುತ್ತದೆ. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರೇ ಇಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ 50 ಮಿ.ಮೀ. ಲೆನ್ಸ್ ಹಾಕಿದರೆ ಫೋಕಸ್ ಅಲ್ಲಾಡುವುದೇ ಇಲ್ಲ. ಲೆನ್ಸ್ ಚೆನ್ನಾಗೇ ಇರುತ್ತದೆ, ಕೈಯಲ್ಲಿ ತಿರುಗಿಸಿ ಬಳಸಬಹುದು. ಕ್ಯಾನನ್‌ನಲ್ಲಿ ಇಎಫ್-ಎಸ್ (ಸಣ್ಣ ಸೆನ್ಸರ್ ಬಾಡಿಗೆಂದು ಮಾಡಿದ) ಲೆನ್ಸ್ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಡಿಎಸ್‌ಎಲ್‌ಆರ್ ಬಾಡಿಗೆ ಕೂರುವುದೇ ಇಲ್ಲ, ಬಲವಂತ ಮಾಡಬೇಡಿ. ಇನ್ನೊಂದು ಸಣ್ಣ ವಿಷಯ, ಕ್ಯಾನನ್ ಲೆನ್ಸ್ ಹಾಕುವುದು ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿ, ನಿಕಾನ್ ಅದರ ಉಲ್ಟಾ. ಗೆಳೆಯರ ಕ್ಯಾಮೆರಾ ಕೈಗೆ ಬಂದಾಗ ಇದನ್ನು ಮರೆತು ಜೋರು ಮಾಡುವವರನ್ನು ನೋಡಿದ್ದೇನೆ.

ಹಾಗಾದರೆ ಯಾವುದು ತಗೋಬೇಕು? ನನ್ನ ಉತ್ತರ: ನಿಮ್ಮ ಗೆಳೆಯರ ಹತ್ತಿರ ಯಾವ ಮೌಂಟ್ ಜಾಸ್ತಿ ಇದೆಯೋ ಅದು. ಚಿತ್ರದ ಗುಣದಲ್ಲಿ ಇವತ್ತಿನ ಕಂಪನಿಗಳ ನಡುವೆ ಕಲಿಯುವವರಿಗೆ ಕಾಣುವಷ್ಟು ವ್ಯತ್ಯಾಸ ಇಲ್ಲ. ಆದರೆ ಅದೇ ಮೌಂಟ್‌ನ ಇನ್ನೊಂದು ಬಾಡಿ, ಇನ್ನೊಂದು ಲೆನ್ಸ್ ಒಂದು ಸಂಜೆ ಸಾಲಕ್ಕೆ ಸಿಕ್ಕರೆ ಎಷ್ಟೋ ತೊಂದರೆ ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಫೋಟೋ ಸರಿ ಬರುತ್ತಿಲ್ಲ ಅಂದಾಗ ಗಾಬರಿಯಲ್ಲಿ ನಾವು ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತೇವೆ. ಲೆನ್ಸ್ ಬೇರೆ, ಮೋಡ್ ಬೇರೆ, ಜಾಗ ಬೇರೆ. ಆಮೇಲೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಮೊದಲು ಲೆನ್ಸ್ ಮಾತ್ರ ಬದಲಿಸಿ, ಉಳಿದದ್ದೆಲ್ಲ ಹಾಗೇ ಇರಲಿ. ತೊಂದರೆ ಹೋಯಿತಾ? ಹಾಗಾದರೆ ಅದು ಲೆನ್ಸ್ ಕಡೆಯದು. ಹೋಗಲಿಲ್ಲವಾ? ಲೆನ್ಸ್ ವಾಪಸ್ ಹಾಕಿ ಕಾರ್ಡ್ ಬದಲಿಸಿ, ಆಮೇಲೆ ಬ್ಯಾಟರಿ. ಇದೆಲ್ಲಕ್ಕೂ ಮುಂಚೆ ಒಂದು ಕೆಲಸ, ಮೆನುವಿನಲ್ಲಿ ಸೆಟ್ಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ತರುವ ರೀಸೆಟ್ ಇರುತ್ತದೆ, ಅದನ್ನು ಮಾಡಿ. ಯಾವಾಗಲೋ ಒತ್ತಿ ಮರೆತ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಿಂದ (ಚಿತ್ರದ ಬೆಳಕನ್ನು ಏರಿಸುವ, ಇಳಿಸುವ ಸೆಟ್ಟಿಂಗ್) ಎಲ್ಲ ಚಿತ್ರ ಕಪ್ಪಾಗಿ ಬರುವುದು ಬಹಳ ಸಾಮಾನ್ಯ.

ಮಸುಕು: ಮೂರು ಬಗೆ, ಮೂರಕ್ಕೂ ಮದ್ದು ಬೇರೆ

‘ಶಾರ್ಪ್ ಬರ್ತಿಲ್ಲ’ ಅನ್ನುವುದು ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಒಂದು ಬೆಳಕಿನ ಚುಕ್ಕೆ, ಕಣ್ಣಿನ ಹೊಳಪೋ ದೂರದ ದೀಪವೋ, ಗೆರೆಯಾಗಿ ಎಳೆದಂತೆ ಕಾಣುತ್ತದಾ? ಚಿತ್ರದ ಎಲ್ಲ ಭಾಗದಲ್ಲೂ ಒಂದೇ ದಿಕ್ಕಿಗೆ ಎಳೆದಿದ್ದರೆ ಕೈ ಅಲುಗಿದೆ. ಓಡುವ ಮಗು ಮಾತ್ರ ಎಳೆದಂತಿದ್ದು ಹಿಂದಿನ ಗೋಡೆ ಚೊಕ್ಕವಾಗಿದ್ದರೆ, ಶಟರ್, ಅಂದರೆ ಸೆನ್ಸರ್‌ಗೆ ಬೆಳಕು ಬಿಡುವ ಪರದೆ, ಸಾಕಷ್ಟು ಬೇಗ ಮುಚ್ಚಿಲ್ಲ. ಎಳೆತ ಏನೂ ಇಲ್ಲ, ಆದರೆ ಮುಖ ಮಸುಕು, ಕಿವಿಯೋ ಹಿಂದಿನ ಗಿಡವೋ ಚೊಕ್ಕ ಇದ್ದರೆ ಫೋಕಸ್ ತಪ್ಪಿದೆ.

ಕೈ ಅಲುಗುವುದಕ್ಕೆ ಹಳೆಯ ಲೆಕ್ಕ ಇದೆ: ಶಟರ್ ವೇಗ ಕನಿಷ್ಠ 1/ಫೋಕಲ್ ಲೆಂತ್ (ಲೆನ್ಸ್ ಮೇಲೆ ಬರೆದಿರುವ ಮಿ.ಮೀ.) ಸೆಕೆಂಡ್ ಇರಬೇಕು. ಸಣ್ಣ ಸೆನ್ಸರ್ ಆದರೆ ಕ್ರಾಪ್ (ಸೆನ್ಸರ್ ಫುಲ್ ಫ್ರೇಮ್‌ಗಿಂತ ಎಷ್ಟು ಪಟ್ಟು ಸಣ್ಣದು ಅನ್ನುವ ಅಂಕಿ) ಕೂಡ ಗುಣಿಸಬೇಕು. 1.5 ಕ್ರಾಪ್ ಇರುವ ಬಾಡಿಯಲ್ಲಿ 200 ಮಿ.ಮೀ. ಅಂದರೆ 1/300, ಹತ್ತಿರದ್ದು 1/320. ಸ್ಟೆಬಿಲೈಸೇಷನ್ ಇದ್ದರೆ ಇದಕ್ಕಿಂತ ನಿಧಾನವಾಗಿಯೂ ಹಿಡಿಯಬಹುದು, ಆದರೆ ಅದು ಕೈಯ ಅಲುಗಾಟವನ್ನು ತಡೆಯುತ್ತದೆಯೇ ಹೊರತು ಓಡುವ ಮಗುವನ್ನು ನಿಲ್ಲಿಸುವುದಿಲ್ಲ.

ಲೆನ್ಸ್ ಮೇಲೇ ಅನುಮಾನ ಇದ್ದರೆ ಹೀಗೆ ಪರೀಕ್ಷೆ ಮಾಡಿ. ಟ್ರೈಪಾಡ್ ಮೇಲೆ ಇಟ್ಟು, ಸ್ಟೆಬಿಲೈಸೇಷನ್ ಆಫ್ ಮಾಡಿ, ಸಣ್ಣ ಅಕ್ಷರ ಇರುವ ಕಾಗದವನ್ನು ಗೋಡೆಗೆ ಅಂಟಿಸಿ, ಎಫ್/8ರಲ್ಲಿ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಅನ್ನುವ ಅಂಕಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) 2 ಸೆಕೆಂಡ್ ಟೈಮರ್ ಹಾಕಿ ತೆಗೆಯಿರಿ. ಇಲ್ಲಿ ಚೊಕ್ಕ ಬಂದರೆ ಲೆನ್ಸ್ ಸರಿ ಇದೆ. ಡಿಎಸ್‌ಎಲ್‌ಆರ್ ಇದ್ದವರು ಇದನ್ನು ಎರಡು ಸಲ ಮಾಡಬೇಕು, ಒಮ್ಮೆ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ಫೋಕಸ್ ಮಾಡಿ, ಒಮ್ಮೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ನೋಡಿ. ಈ ಸಲ ಅಪರ್ಚರ್ ಪೂರ್ತಿ ತೆರೆದಿರಲಿ, ತಪ್ಪು ಬೇಗ ಕಾಣುತ್ತದೆ. ಲೈವ್ ವ್ಯೂ ಚೊಕ್ಕ, ವ್ಯೂಫೈಂಡರ್ ಮಸುಕು ಅಂತಾದರೆ ಗಾಜಿನದ್ದು ತಪ್ಪಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್‌ಗೆ ಬೇರೆಯೇ ಸೆನ್ಸರ್ ಇರುತ್ತದೆ, ಅದಕ್ಕೂ ಚಿತ್ರ ತೆಗೆಯುವ ಸೆನ್ಸರ್‌ಗೂ ಅಳತೆ ಕೂದಲಷ್ಟು ಹೊಂದುತ್ತಿಲ್ಲ ಅಷ್ಟೆ. ಕೆಲವು ಬಾಡಿಗಳಲ್ಲಿ ಇದನ್ನು ಮೆನುವಿನಲ್ಲೇ ಸರಿಮಾಡಬಹುದು. ಮಿರರ್‌ಲೆಸ್ ಚಿತ್ರ ತೆಗೆಯುವ ಸೆನ್ಸರ್‌ನಿಂದಲೇ ಫೋಕಸ್ ಮಾಡುವುದರಿಂದ ಈ ತಲೆನೋವು ಅದರಲ್ಲಿಲ್ಲ.

ಮತ್ತೆ, ವ್ಯೂಫೈಂಡರ್ ಪಕ್ಕದ ಸಣ್ಣ ಚಕ್ರ, ಡಯಾಪ್ಟರ್. ಬ್ಯಾಗಿನಲ್ಲಿ ಉಜ್ಜಿ ಅದು ತಿರುಗಿದರೆ ನೋಡೋಕೆ ಎಲ್ಲ ಮಸುಕು, ಫೋಟೋ ಮಾತ್ರ ಚೊಕ್ಕ. ಒಳಗೆ ಕಾಣುವ ಅಂಕಿಗಳೂ ಮಸುಕಾಗಿದ್ದರೆ ಇದೇ ಕಾರಣ.

ಅಂಟಿಕೊಂಡ ಅಪರ್ಚರ್

ಇದು ನನಗೆ ಆಗಿದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹಳೆಯ ಲೆನ್ಸ್ ತಗೊಂಡಿದ್ದೆ. ಮನೆಯೊಳಗೆ ಎಫ್/2.8ರಲ್ಲಿ ತೆಗೆದದ್ದೆಲ್ಲ ಚೆನ್ನಾಗಿತ್ತು. ಹೊರಗೆ ಬಿಸಿಲಿಗೆ ಹೋದರೆ ಚಿತ್ರ ಬೆಳ್ಳಗೆ ಬಿಳಿಚಿಕೊಳ್ಳುತ್ತಿತ್ತು, ಅದೂ ಎಲ್ಲವೂ ಅಲ್ಲ, ಹತ್ತರಲ್ಲಿ ನಾಲ್ಕೈದು. ಬಾಡಿಯ ಬೆಳಕು ಅಳೆಯುವ ಮೀಟರ್ ಹೋಗಿದೆ ಅಂತ ಎರಡು ವಾರ ಬಾಡಿಯನ್ನೇ ಬೈದುಕೊಂಡು ಓಡಾಡಿದೆ.

ವಿಷಯ ಬೇರೆಯೇ ಇತ್ತು. ಡಿಎಸ್‌ಎಲ್‌ಆರ್‌ನಲ್ಲಿ ನಾವು ನೋಡುವಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಬಟನ್ ಒತ್ತಿದ ಆ ಕ್ಷಣ ಮಾತ್ರ ಎಫ್/11ಗೋ ಎಫ್/16ಗೋ ಮುಚ್ಚಿಕೊಂಡು, ಮತ್ತೆ ತೆರೆಯುತ್ತದೆ. ಒಳಗಿನ ತೆಳ್ಳನೆ ಎಲೆಗಳ ಮೇಲೆ ಎಣ್ಣೆ ಹರಿದಿದ್ದರೆ ಅವು ಒಂದಕ್ಕೊಂದು ಅಂಟಿ ನಿಧಾನವಾಗುತ್ತವೆ, ಶಟರ್ ತೆರೆಯುವಷ್ಟರಲ್ಲಿ ಅರ್ಧ ಮಾತ್ರ ಮುಚ್ಚಿರುತ್ತವೆ. ಬೆಳಕು ಜಾಸ್ತಿ ನುಗ್ಗುತ್ತದೆ. ಪೂರ್ತಿ ತೆರೆದಾಗ ಎಲೆಗಳಿಗೆ ಕೆಲಸವೇ ಇಲ್ಲ, ಅದಕ್ಕೇ ಎಫ್/2.8 ಸರಿ ಇತ್ತು. ಲೆನ್ಸನ್ನು ಬಿಚ್ಚಿ, ಹಿಂದಿನ ಸಣ್ಣ ಸನ್ನೆಗೋಲನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಬಿಟ್ಟು, ದೀಪಕ್ಕೆ ಹಿಡಿದು ನೋಡಿದೆ. ಎಲೆಗಳು ಟಪ್ ಅಂತ ಮುಚ್ಚಿಕೊಳ್ಳುವ ಬದಲು ಜೇನಿನಲ್ಲಿ ಅದ್ದಿದಂತೆ ಸೋಮಾರಿಯಾಗಿ ಸರಿದವು. ಅಂಚಿನಲ್ಲಿ ಎಣ್ಣೆಯ ಹೊಳಪು ಕಾಣುತ್ತಿತ್ತು.

ನೀವು ಹಳೆಯ ಲೆನ್ಸ್ ತಗೊಳ್ಳುವಾಗ ಮಾಡಬೇಕಾದ ಪರೀಕ್ಷೆ ಇದು. ಮ್ಯಾನುಯಲ್ ಮೋಡ್, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಒಂದೇ ಇರಲಿ, ಹಗಲು ಬೆಳಕಿನಲ್ಲಿ ಒಂದು ಗೋಡೆ. ಎಫ್/2.8ಗೆ 1/1000, ಆಮೇಲೆ ಎಫ್/11ಗೆ 1/60. ನಡುವೆ ಸರಿಯಾಗಿ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ), ಹಾಗಾಗಿ ಎರಡೂ ಚಿತ್ರದ ಬೆಳಕು ಒಂದೇ ಥರ ಇರಬೇಕು. ಆಮೇಲೆ ಎಫ್/11ರಲ್ಲೇ ಒಂದೇ ಉಸಿರಿಗೆ ಆರೇಳು ಚಿತ್ರ ತೆಗೆಯಿರಿ. ಬೆಳಕು ಏರುಪೇರಾದರೆ ಅಪರ್ಚರ್ ಅಂಟುತ್ತಿದೆ. ಎಲ್‌ಇಡಿ ದೀಪದ ಕೆಳಗೆ ಈ ಪರೀಕ್ಷೆ ಬೇಡ. ಆ ದೀಪಗಳ ಮಿಣುಕಿನಿಂದಲೇ ಬೆಳಕು ಏರುಪೇರಾಗಿ ಸುಮ್ನೆ ಒಳ್ಳೆ ಲೆನ್ಸನ್ನು ವಾಪಸ್ ಕೊಟ್ಟುಬಿಡುತ್ತೀರಿ.

ಚುಕ್ಕೆ, ಪಟ್ಟೆ, ಎರರ್

ಆಕಾಶದ ಚಿತ್ರದಲ್ಲಿ ಬೂದು ಚುಕ್ಕೆ ಕಂಡರೆ ಅದು ಸೆನ್ಸರ್ ಮೇಲಿನ ಧೂಳು. ಲೆನ್ಸ್ ಮೇಲಿನ ಧೂಳು ಹಾಗೆ ಚುಕ್ಕೆಯಾಗಿ ಕಾಣುವುದು ಅಪರೂಪ. ಎಫ್/16ರಲ್ಲಿ, ಫೋಕಸ್ ಬೇಕೆಂದೇ ತಪ್ಪಿಸಿ, ಬಿಳಿ ಗೋಡೆ ತೆಗೆದರೆ ಎಲ್ಲ ಕಾಣುತ್ತವೆ. ಲೆನ್ಸ್ ಬದಲಿಸಿದರೂ ಅದೇ ಜಾಗದಲ್ಲಿದ್ದರೆ ಖಚಿತ. ಇಲ್ಲೊಂದು ಸ್ವಾರಸ್ಯ ಇದೆ. ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಹಾಗಾಗಿ ಚಿತ್ರದ ಮೇಲೆ ಎಡಕ್ಕೆ ಚುಕ್ಕೆ ಇದ್ದರೆ, ನೀವು ಮುಂದಿನಿಂದ ಸೆನ್ಸರ್ ನೋಡುವಾಗ ಧೂಳು ಕೆಳಗೆ ಎಡಕ್ಕೆ ಇರುತ್ತದೆ. ಬ್ಯಾಟರಿ ತುಂಬಿರಲಿ, ಮೆನುವಿನ ಕ್ಲೀನಿಂಗ್ ಮೋಡ್ ಹಾಕಿ, ಬಾಡಿಯ ಬಾಯಿ ನೆಲದ ಕಡೆ ಹಿಡಿದು ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬಿದ್ದರೆ ಒಣಗಿ ಕಲೆಯಾಗುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ.

ಫ್ಲ್ಯಾಶ್ ಹಾಕಿದಾಗ ಚಿತ್ರದ ಒಂದು ಅಂಚು ಕಪ್ಪಾದರೆ ಕ್ಯಾಮೆರಾ ಕೆಟ್ಟಿಲ್ಲ, ಶಟರ್ ವೇಗ ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚು ವೇಗ) ದಾಟಿದೆ. ಸಾಮಾನ್ಯವಾಗಿ 1/200 ಅಥವಾ 1/250. ಫ್ಲ್ಯಾಶ್ ಇಲ್ಲದೆ, ಹಗಲಿನಲ್ಲಿ, 1/4000ದಂಥ ವೇಗದಲ್ಲಿ ಮಾತ್ರ ಒಂದು ಕಡೆ ಕಪ್ಪಾಗುತ್ತಿದ್ದರೆ ಶಟರ್ ಪರದೆ ಸುಸ್ತಾಗಿದೆ, ರಿಪೇರಿಯವರಿಗೆ ತೋರಿಸಿ. ದೀಪದ ಕೆಳಗೆ ಅಡ್ಡ ಪಟ್ಟೆ ಬಂದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ, ವೇಗ ಇಳಿಸಿ.

ಕ್ಯಾನನ್‌ನಲ್ಲಿ ಎರರ್ 01 ಬಂದರೆ ಲೆನ್ಸ್ ಮತ್ತು ಬಾಡಿ ಮಾತಾಡುತ್ತಿಲ್ಲ ಅಂತ ಅರ್ಥ. ಆಫ್ ಮಾಡಿ, ಲೆನ್ಸ್ ತೆಗೆದು, ಆ ಸಾಲು ಕಾಂಟ್ಯಾಕ್ಟ್‌ಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಕ್ಲಿಕ್ ಅನ್ನುವವರೆಗೆ ತಿರುಗಿಸಿ ಹಾಕಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ, ಅದರ ಪುಡಿ ಬಾಡಿಯೊಳಗೇ ಬೀಳುತ್ತದೆ. ನಿಕಾನ್‌ನಲ್ಲಿ ಎಫ್‌ಇಇ ಅಂತ ಮಿಣುಕಿದರೆ ತಪ್ಪು ಇನ್ನೂ ಸಣ್ಣದು. ಲೆನ್ಸ್ ಮೇಲಿನ ಅಪರ್ಚರ್ ಬಳೆಯನ್ನು ಅತಿ ದೊಡ್ಡ ಅಂಕಿಗೆ, 16ಕ್ಕೋ 22ಕ್ಕೋ ತಿರುಗಿಸಿ ಲಾಕ್ ಮಾಡಬೇಕು.

ಕಾರ್ಡ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬರೆಯೋಕಾಗಲ್ಲ ಅಂದರೆ ಪಕ್ಕದ ಲಾಕ್ ಗುಬುಟು ನೋಡಿ. ಫಾರ್ಮ್ಯಾಟ್ ಕ್ಯಾಮೆರಾದಲ್ಲೇ ಮಾಡಿ. ಚಿತ್ರ ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದೂ ಚಿತ್ರ ತೆಗೆಯಬೇಡಿ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳದ ತನಕ ವಾಪಸ್ ಸಿಗುವ ಸಾಧ್ಯತೆ ಇದೆ.

ಬೂಷ್ಟು

ಬೇರೆ ಯಾವ ತೊಂದರೆಗೂ ನಾನು ಇಷ್ಟು ಹೆದರುವುದಿಲ್ಲ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂತೆ ಕವಲೊಡೆದು ಹರಡಿದ್ದರೆ ಅದು ಫಂಗಸ್. ಮೊದಲು ಚಿತ್ರದಲ್ಲಿ ಏನೂ ಗೊತ್ತಾಗುವುದಿಲ್ಲ, ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಮಂಜು ಮುಸುಕಿದಂತೆ ಕಾಂಟ್ರಾಸ್ಟ್ ಸಾಯುತ್ತದೆ. ಬಿಟ್ಟರೆ ಗಾಜಿನ ಲೇಪನವನ್ನೇ ಕೊರೆಯುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗಲ್ಲ.

ಕತ್ತಲೆ, ತೇವ, ಗಾಳಿಯಾಡದ ಜಾಗ ಅದಕ್ಕೆ ಹಬ್ಬ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ತಿಂಗಳುಗಟ್ಟಲೆ ಇಡುವುದು ಅದನ್ನು ಕರೆದು ಕೂರಿಸಿದಂತೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಸಣ್ಣ ಮೀಟರ್, ಇಷ್ಟು ಸಾಕು. 40ರಿಂದ 50 ಶೇಕಡಾ ನಡುವೆ ಇರಲಿ. ತೀರಾ ಒಣಗಿಸುವುದೂ ರಬ್ಬರ್‌ಗೆ, ಒಳಗಿನ ಗ್ರೀಸ್‌ಗೆ ಒಳ್ಳೆಯದಲ್ಲ. ನೀಲಿ ಸಿಲಿಕಾ ಗುಲಾಬಿ ಬಣ್ಣಕ್ಕೆ ತಿರುಗಿದರೆ, ಕಿತ್ತಳೆಯದು ಹಸಿರಾದರೆ, ಅದು ತೇವ ಕುಡಿದು ತುಂಬಿದೆ ಅಂತ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಮಕ್ಕಳ ಕೈಗೂ ಸಿಗದಂತೆ ಇಡಿ. ಡಬ್ಬಿಯಲ್ಲಿಟ್ಟ ಲೆನ್ಸ್‌ಗಳನ್ನು ವಾರಕ್ಕೊಮ್ಮೆ ಹೊರಗೆ ತೆಗೆದು, ಬಳೆ ತಿರುಗಿಸಿ, ಒಂದೆರಡು ಚಿತ್ರ ತೆಗೆದು ಇಡಿ. ಈಗಾಗಲೇ ಬೂಷ್ಟು ಹಿಡಿದ ಲೆನ್ಸ್ ಇದ್ದರೆ ಅದನ್ನು ಸ್ವಚ್ಛ ಮಾಡಿಸುವವರೆಗೂ ಬೇರೆ ಡಬ್ಬಿಯಲ್ಲೇ ಇರಲಿ.