ಐದು ಸಾಲಿನ ಟೇಬಲ್ ಸಾಕು, ಒಂದು ಮನೆ ಖಾಲಿ ಇರಲಿ

ನಮ್ಮ ಭಾವನದ್ದು ಶಿವಮೊಗ್ಗದಲ್ಲಿ ಸಣ್ಣದೊಂದು ಅಡಿಕೆ ಮಂಡಿ. ಹೋದ ಮಾರ್ಚ್ ಕೊನೆಯಲ್ಲಿ ಫೋನ್ ಮಾಡಿದರು. "ಎಂತ ಮಾರಾಯ ಇದು? ಈ ಸಲ ಅಡಿಕೆ ತಾರದೇ ಇದ್ದವರ ಪಟ್ಟಿ ಕೇಳಿದ್ರೆ ಕಂಪ್ಯೂಟರ್ ಒಬ್ರೂ ಇಲ್ಲ ಅಂತದೆ. ಹೊಸನಗರದ ಕಡೆ ಹತ್ತು ಜನಕ್ಕೆ ನಾನೇ ಫೋನ್ ಮಾಡಿ ಯಾಕೆ ಬರ್ಲಿಲ್ಲ ಅಂತ ಕೇಳಿದೀನಿ!"

ನಾನು ತೀರ್ಥಹಳ್ಳಿಯ ಮನೆಯಲ್ಲಿ ಕೂತು ಡೇಟಾಬೇಸ್ ಎಂಜಿನ್ (ಟೇಬಲಿನಲ್ಲಿ ಮಾಹಿತಿ ಇಟ್ಟುಕೊಂಡು ಕೇಳಿದ್ದಕ್ಕೆ ಉತ್ತರ ಕೊಡುವ ಸಾಫ್ಟ್‌ವೇರ್) ಒಂದನ್ನು ಟೆಸ್ಟ್ ಮಾಡುವ ಕೆಲಸದವನು. ಕ್ವೆರಿಯೊಳಗೆ (ಅದಕ್ಕೆ ಕೇಳುವ ಪ್ರಶ್ನೆಯೊಳಗೆ) ಇನ್ನೊಂದು ಕ್ವೆರಿ ಬಂದಾಗ ಎಂಜಿನ್ ಸರಿಯಾದ ಉತ್ತರ ಕೊಡುತ್ತದೋ ಇಲ್ಲವೋ ನೋಡುವುದೇ ಹೊಟ್ಟೆಪಾಡು. ಗುಮಾಸ್ತರಿಗೆ ಹೇಳಿ ಕ್ವೆರಿಯ ಫೋಟೊ ವಾಟ್ಸಾಪಿನಲ್ಲಿ ತರಿಸಿಕೊಂಡೆ. ಹೀಗಿತ್ತು: ಸೆಲೆಕ್ಟ್ ಹೆಸರು ಫ್ರಮ್ ಬೆಳೆಗಾರ ವೇರ್ ಖಾತೆ ನಾಟ್ ಇನ್ (ಸೆಲೆಕ್ಟ್ ಖಾತೆ ಫ್ರಮ್ ಆವಕ). ಅಂದರೆ, ಮಂಡಿಗೆ ಬಂದ ಮಾಲಿನ ಟೇಬಲ್ ಆದ ಆವಕದಲ್ಲಿ ಯಾರ ಖಾತೆ ಇಲ್ಲವೋ ಅವರ ಹೆಸರು ಕೊಡು.

ನೋಡಿದ ಕೂಡಲೇ ಕೇಳಿದೆ, "ಆವಕದಲ್ಲಿ ಖಾತೆ ನಂಬರ್ ಹಾಕದ ಚೀಟಿ ಏನಾದ್ರೂ ಇದೆಯಾ?" ಒಂದೇ ಒಂದು ಇತ್ತು. ಅಷ್ಟೇ ಸಾಕು.

ಯಾಕೆ ಅಂತ ಬಿಡಿಸಿ ನೋಡೋಣ. ಆವಕದಲ್ಲಿ ಇರುವ ಖಾತೆಗಳು 3, 5 ಮತ್ತು ಒಂದು ನಲ್, ಅಂದರೆ ಖಾಲಿ ಬಿಟ್ಟ ಮನೆ. ಈಗ 7ನೇ ಖಾತೆಯವರು ಅದರಲ್ಲಿ ಇಲ್ಲ ತಾನೇ? ಎಂಜಿನ್ ಒಂದೊಂದಾಗಿ ಕೇಳುತ್ತದೆ. 7 ಅಂದರೆ 3 ಅಲ್ಲ, ಹೌದು. 5 ಅಲ್ಲ, ಹೌದು. ಆ ಖಾಲಿ ಮನೆ ಅಲ್ಲವಾ? ಗೊತ್ತಿಲ್ಲ, ಅದು 7ನೇ ಖಾತೆಯದ್ದೂ ಆಗಿರಬಹುದು. ಹೌದು, ಹೌದು, ಗೊತ್ತಿಲ್ಲ ಸೇರಿದರೆ ಒಟ್ಟು ಉತ್ತರ "ಗೊತ್ತಿಲ್ಲ". ಷರತ್ತು ಹೇಳುವ ವೇರ್ ಮಾತ್ರ ಖಡಕ್ "ಹೌದು" ಬಂದ ಸಾಲನ್ನಷ್ಟೇ ಒಳಗೆ ಬಿಡುತ್ತದೆ. ಹಾಗಾಗಿ 7 ಹೊರಗೆ, 9 ಹೊರಗೆ, ಎಲ್ಲರೂ ಹೊರಗೆ. ಪಟ್ಟಿ ಖಾಲಿ.

ಎಂಜಿನ್ನಿನ ತಪ್ಪು ಇಲ್ಲಿ ಏನೂ ಇಲ್ಲ, ನಿಯಮ ಇರುವುದೇ ಹಾಗೆ. ಟೆಸ್ಟ್ ಮಾಡುವವನಿಗೆ ಮೊದಲ ಕಷ್ಟ ಇದೇ. ಕಣ್ಣಿಗೆ ತಪ್ಪಾಗಿ ಕಾಣುವ ಉತ್ತರ ಸರಿ ಇರಬಹುದು, ಸರಿಯಾಗಿ ಕಾಣುವುದು ತಪ್ಪಿರಬಹುದು. ಎಂಜಿನ್ ಧಡಕ್ಕನೆ ಬಿದ್ದುಹೋದರೆ ನನಗೆ ಖುಷಿಯೇ, ಎಲ್ಲರಿಗೂ ಗೊತ್ತಾಗುತ್ತದೆ. ಸುಮ್ನೆ, ಸದ್ದಿಲ್ಲದೆ ಎರಡು ಸಾಲು ಕಮ್ಮಿ ಕೊಟ್ಟರೆ ಯಾರಿಗೆ ಗೊತ್ತಾಗಬೇಕು?

ಹೀಗೆ ಸಾಲು ನುಂಗುವ ಬಗ್‌ಗಳಲ್ಲಿ ಒಂದಕ್ಕೆ ಹೆಸರೇ ಇದೆ: ಕೌಂಟ್ ಬಗ್. ಮಂಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಬೆಳೆಗಾರರು ಹಂಗಾಮಿನ ಶುರುವಿನಲ್ಲಿ ಇಷ್ಟು ಲೋಡ್ ಬರುತ್ತದೆ ಎಂದು ಹೇಳಿರುತ್ತಾರೆ. ಹೇಳಿದಷ್ಟೇ ತಂದವರು ಯಾರು? ಹೊರಗಿನ ಕ್ವೆರಿ ಒಬ್ಬೊಬ್ಬ ಬೆಳೆಗಾರರನ್ನು ಹಿಡಿಯುತ್ತದೆ, ಒಳಗಿನದು ಅವರ ಆವಕದ ಸಾಲುಗಳನ್ನು ಎಣಿಸುತ್ತದೆ, ಎರಡೂ ಸಮ ಇದ್ದರೆ ಹೆಸರು ಬರುತ್ತದೆ. ಸರಳ. ಆದರೆ ನಿಧಾನ. 4,000 ಬೆಳೆಗಾರರು, 1 ಲಕ್ಷ ಆವಕದ ಸಾಲು, ಬೇಗ ಹುಡುಕಲು ಇಡುವ ಇಂಡೆಕ್ಸ್ ಇಲ್ಲ ಅಂದರೆ 40 ಕೋಟಿ ಸಲ ಸಾಲು ನೋಡಬೇಕು. ಆದ್ದರಿಂದ ಎಂಜಿನ್ನಿನೊಳಗೆ ವೇಗದ ದಾರಿ ಹುಡುಕುವ ಆಪ್ಟಿಮೈಜರ್ ಜಾಣತನ ಮಾಡುತ್ತದೆ. ಮೊದಲು ಆವಕವನ್ನೆಲ್ಲ ಖಾತೆವಾರು ಒಮ್ಮೆಲೇ ಎಣಿಸಿ ಇಟ್ಟುಕೊಂಡು, ಆಮೇಲೆ ಬೆಳೆಗಾರರ ಟೇಬಲ್ ಜೊತೆ ಜಾಯಿನ್ ಮಾಡುತ್ತದೆ, ಅಂದರೆ ಖಾತೆಗೆ ಖಾತೆ ಜೋಡಿಸುತ್ತದೆ.

ಒಳಗಿನ ಕ್ವೆರಿಯನ್ನು ಹೀಗೆ ಬಿಚ್ಚಿ ಜಾಯಿನ್ ಮಾಡುವ ದಾರಿಯನ್ನು 1982ರಲ್ಲಿ ವೊನ್ ಕಿಮ್ ತಮ್ಮ ಪ್ರಬಂಧದಲ್ಲಿ ಚೆನ್ನಾಗಿ ವಿಂಗಡಿಸಿ ಬರೆದರು. ಅದರಲ್ಲಿ ಒಂದು ತೂತು ಉಳಿದಿತ್ತು. ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಹೊಡೆದು, "ಈ ವರ್ಷ ಸೊನ್ನೆ ಅಂತ ಬರ್ಕೊಳ್ಳಿ" ಎಂದವರೊಬ್ಬರು ಇದ್ದಾರೆ ಅಂದುಕೊಳ್ಳಿ. ಹೇಳಿದ್ದು ಸೊನ್ನೆ, ತಂದದ್ದು ಸೊನ್ನೆ. ಅವರ ಹೆಸರು ಪಟ್ಟಿಯಲ್ಲಿ ಬರಲೇಬೇಕು. ಆದರೆ ಆವಕದಲ್ಲಿ ಅವರ ಸಾಲೇ ಇಲ್ಲ. ಖಾತೆವಾರು ಎಣಿಸಿದಾಗ "ಸೊನ್ನೆ" ಎಂಬ ಗುಂಪು ಹುಟ್ಟುವುದೇ ಇಲ್ಲ. ಜಾಯಿನ್‌ನಲ್ಲಿ ಜೋಡಿ ಸಿಗದೆ ಅವರು ಬಿದ್ದುಹೋಗುತ್ತಾರೆ. ಜೋಡಿ ಇಲ್ಲದವರನ್ನೂ ಉಳಿಸಿಕೊಳ್ಳುವ ಔಟರ್ ಜಾಯಿನ್ ಬಳಸಿ ಇದನ್ನು ಸರಿ ಮಾಡುವ ಬಗೆಯನ್ನು 1987ರಲ್ಲಿ ಗಾನ್ಸ್ಕಿ ಮತ್ತು ವಾಂಗ್ ಬರೆದರು.

ಅಲ್ಲಿಗೂ ಮುಗಿಯಲಿಲ್ಲ. ಔಟರ್ ಜಾಯಿನ್ ಮಾಡಿ ಆಮೇಲೆ ಎಣಿಸುವಾಗ ಜೋಡಿ ಇಲ್ಲದವರಿಗೂ ನಲ್ ತುಂಬಿದ ಒಂದು ಸಾಲು ಸಿಗುತ್ತದೆ. ಅಲ್ಲಿ ಸಾಲುಗಳನ್ನೇ ಎಣಿಸಿದರೆ ಲೆಕ್ಕ 1. ಎಣಿಸಬೇಕಾದದ್ದು ಆವಕದ ಕಡೆಯ ಕಾಲಂನಲ್ಲಿ ನಲ್ ಅಲ್ಲದ ಮನೆಗಳನ್ನು, ಆಗ ಮಾತ್ರ ಸೊನ್ನೆ. ಇದನ್ನು ಮರೆತ ಎಂಜಿನ್ ಕೊಳೆ ಹೊಡೆದ ತೋಟದವರನ್ನು ಮತ್ತೆ ಬಿಡುತ್ತದೆ. ಸಾಲದ್ದಕ್ಕೆ "ಒಂದು ಲೋಡ್ ತರ್ತೀನಿ" ಎಂದು ಹೇಳಿ ಏನೂ ತಾರದವರನ್ನು ಮಾತು ಉಳಿಸಿಕೊಂಡವರ ಪಟ್ಟಿಗೆ ಸೇರಿಸುತ್ತದೆ! ಅದಕ್ಕೇ ನನ್ನ ಟೆಸ್ಟ್ ಟೇಬಲಿನಲ್ಲಿ ಇವರಿಬ್ಬರೂ ಖಾಯಂ. ಸೊನ್ನೆ ಹೇಳಿ ಸೊನ್ನೆ ತಂದವರು ಒಬ್ಬರು, ಒಂದು ಹೇಳಿ ಸೊನ್ನೆ ತಂದವರು ಒಬ್ಬರು. ಒಂದು ಹೇಳಿ ಒಂದು ತಂದವರು, ಒಂದೇ ಖಾತೆಗೆ ಎರಡು ಸಲ ತಂದವರು, ಹೇಳಿದ ಲೋಡ್ ಬರೆಸದೇ ಹೋದವರು. ಒಟ್ಟು ಐದು ಸಾಲು.

ಹೊಸದಾಗಿ ಕೆಲಸಕ್ಕೆ ಸೇರಿದವರು ಹತ್ತು ಲಕ್ಷ ಸಾಲು ತುಂಬಿಸಿ ಟೆಸ್ಟ್ ಮಾಡುತ್ತೇವೆ ಅನ್ನುತ್ತಾರೆ. ಮಾಡಲಿ, ಆದರೆ ಅಂದವಾದ ಹತ್ತು ಲಕ್ಷಕ್ಕಿಂತ ಈ ಅಡ್ಡಾದಿಡ್ಡಿ ಐದು ಜಾಸ್ತಿ ಬಗ್ ಹಿಡಿಯುತ್ತವೆ. ಐದು ಸಾಲಿನ ಉತ್ತರವನ್ನು ಕೈಬೆರಳಲ್ಲಿ ಎಣಿಸಬಹುದು ನೋಡಿ.

ಎಣಿಸಲಾಗದ ಕಡೆ ಏನು ಮಾಡುವುದು? ಕ್ವೆರಿಗಳನ್ನು ಕಂಪ್ಯೂಟರೇ ಹುಟ್ಟಿಸುವಾಗ ಮೂರ್ನಾಲ್ಕು ಮಟ್ಟ ಆಳದ್ದೆಲ್ಲ ಬರುತ್ತದೆ. ಸರಿ ಉತ್ತರ ಯಾವುದು ಅಂತ ನನಗೂ ಗೊತ್ತಿರುವುದಿಲ್ಲ. ಹಳೆಯ ಉಪಾಯ ಒಂದೇ ಕ್ವೆರಿಯನ್ನು ನಾಲ್ಕಾರು ಎಂಜಿನ್‌ಗಳಿಗೆ ಕೊಟ್ಟು ಉತ್ತರ ಹೋಲಿಸುವುದು. 1998ರಲ್ಲೇ ಮೈಕ್ರೋಸಾಫ್ಟ್‌ನ ಡಾನ್ ಸ್ಲಟ್ಜ್ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ಬರೆದಿದ್ದರು. ತೊಂದರೆ ಏನಂದರೆ ಎಂಜಿನ್‌ಗಳು ನ್ಯಾಯವಾಗಿಯೇ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದೇ ಮೌಲ್ಯ ಬರಬೇಕಾದ ಕಡೆ ಒಳಗಿನ ಕ್ವೆರಿ ಎರಡು ಸಾಲು ಕೊಟ್ಟರೆ ಪೋಸ್ಟ್‌ಗ್ರೆಸ್ ಎರರ್ ಹಾಕುತ್ತದೆ, ಎಸ್‌ಕ್ಯೂಲೈಟ್ ಮೊದಲ ಸಾಲನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ. ಒರಾಕಲ್ ಖಾಲಿ ಸ್ಟ್ರಿಂಗನ್ನೇ (ಒಂದು ಅಕ್ಷರವೂ ಇಲ್ಲದ ಪಠ್ಯ) ನಲ್ ಅನ್ನುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬರೀ ಇಂಥ ಜಗಳಗಳದ್ದೇ ವರದಿ.

ನನಗೆ ಹೆಚ್ಚು ಹಿಡಿಸಿದ್ದು ಮ್ಯಾನುಯೆಲ್ ರಿಗರ್ ಮತ್ತು ಝೆಂಡಾಂಗ್ ಸು 2020ರಲ್ಲಿ ತಂದ ದಾರಿ. ಆಗ ಇಬ್ಬರೂ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿದ್ದರು. ಎಸ್‌ಕ್ಯೂಲಾನ್ಸರ್ ಎಂಬ ಅವರ ಟೂಲ್ ಹೆಸರಾಂತ ಎಂಜಿನ್‌ಗಳಲ್ಲಿ ನೂರಾರು ಬಗ್ ಹಿಡಿದಿದೆ. ಅದರ ಒಂದು ತಂತ್ರ ಅಡಿಕೆ ಆರಿಸುವವರಿಗೆ ಕೂಡಲೇ ಅರ್ಥವಾಗುತ್ತದೆ. ಒಂದು ಚೀಲ ಅಡಿಕೆ ಸುರಿದು ಹಸ, ಬೆಟ್ಟೆ, ಗೊರಬಲು ಅಂತ ಮೂರು ರಾಶಿ ಮಾಡಿದಿರಿ. ಮೂರನ್ನೂ ತೂಗಿದರೆ ಮೊದಲಿನ ತೂಕವೇ ಬರಬೇಕು, ಅಲ್ವಾ? ಕ್ವೆರಿಯಲ್ಲೂ ಹಾಗೇ. ಷರತ್ತು "ಹೌದು" ಆಗುವ ಸಾಲುಗಳು, "ಅಲ್ಲ" ಆಗುವ ಸಾಲುಗಳು, "ಗೊತ್ತಿಲ್ಲ" ಆಗುವ ಸಾಲುಗಳು. ಮೂರು ಕ್ವೆರಿ ಓಡಿಸಿ ಕೂಡಿಸಿದರೆ ಷರತ್ತೇ ಇಲ್ಲದ ಕ್ವೆರಿಯ ಸಾಲುಗಳು ಬರಬೇಕು.

ಭಾವನ ಕ್ವೆರಿಯನ್ನೇ ಇದಕ್ಕೆ ಹಾಕಿ. ಬೆಳೆಗಾರರು ಐದು ಜನ, ತಂದವರು ಇಬ್ಬರು, ಆವಕದಲ್ಲಿ ಒಂದು ನಲ್. "ಆವಕದಲ್ಲಿ ಇಲ್ಲ" ಎಂಬುದು ಹೌದು ಆಗುವವರು 0. ಅಲ್ಲ ಆಗುವವರು 2. ಗೊತ್ತಿಲ್ಲ ಆಗುವವರು 3. ಕೂಡಿಸಿದರೆ 5. ಭಾವ ಹುಡುಕುತ್ತಿದ್ದವರೆಲ್ಲ ಆ ಮೂರನೇ ರಾಶಿಯಲ್ಲಿ ಕೂತಿದ್ದರು.

ಆದರೆ ತೂಕ ಸರಿ ಬಂದ ಮಾತ್ರಕ್ಕೆ ಗೊರಬಲು ಬೆಟ್ಟೆ ರಾಶಿಗೆ ಸೇರಿಲ್ಲ ಅಂತ ಹೇಳಲಾಗದು. ಅದಕ್ಕೆ ಅವರದ್ದೇ ಇನ್ನೊಂದು ಉಪಾಯ ಇದೆ. ಷರತ್ತನ್ನು ವೇರ್‌ನಿಂದ ಎತ್ತಿ ಸೆಲೆಕ್ಟ್ ಪಟ್ಟಿಗೆ ಹಾಕುವುದು. ಈಗ ಎಂಜಿನ್ ಪ್ರತಿ ಸಾಲಿಗೂ ಷರತ್ತಿನ ಉತ್ತರ ಬರೆಯಬೇಕು, ಒಳದಾರಿ ಹಿಡಿಯುವಂತಿಲ್ಲ. ಆ ಕಾಲಂನಲ್ಲಿ ಎಷ್ಟು "ಹೌದು" ಇದೆಯೋ ಅಷ್ಟೇ ಸಾಲು ಮೊದಲಿನ ಕ್ವೆರಿಯಲ್ಲೂ ಬರಬೇಕು. ಬರದಿದ್ದರೆ ಜಾಣತನ ಎಲ್ಲೋ ಎಡವಿದೆ.

ಪೋಸ್ಟ್‌ಗ್ರೆಸ್‌ನಂಥ ಎಂಜಿನ್‌ನಲ್ಲಿ ಹ್ಯಾಶ್ ಜಾಯಿನ್, ಮರ್ಜ್ ಜಾಯಿನ್, ನೆಸ್ಟೆಡ್ ಲೂಪ್ ಎಂಬ ಜೋಡಿಸುವ ಬಗೆಗಳನ್ನೆಲ್ಲ ಸೆಟ್ಟಿಂಗಿನಲ್ಲೇ ಒಂದೊಂದಾಗಿ ಆಫ್ ಮಾಡಬಹುದು. ಅದೇ ಕ್ವೆರಿಯನ್ನು ಬೇರೆ ಬೇರೆ ದಾರಿಯಲ್ಲಿ ಓಡಿಸಿ ನೋಡಿ, ಉತ್ತರ ಬದಲಾಗಬಾರದು. ಇಂಡೆಕ್ಸ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಐದು ಸಾಲಿನ ಟೇಬಲ್ ಕೈಕೊಡುವುದು ಇಂಥ ಕಡೆ, ಒಪ್ಪಿಕೊಳ್ಳುತ್ತೇನೆ. ಒಳಗಿನ ಕ್ವೆರಿಯ ಫಲ ಮೆಮೊರಿಯಲ್ಲಿ ಹಿಡಿಸದೇ ಎಂಜಿನ್ ಬೇರೆ ದಾರಿ ಹಿಡಿಯಬೇಕು ಅಂದರೆ, ಅದಕ್ಕೆ ಕೊಟ್ಟ ಮೆಮೊರಿಯನ್ನು ಪೋಸ್ಟ್‌ಗ್ರೆಸ್ ಬಿಡುವ ಕನಿಷ್ಠ 64 ಕಿಲೋಬೈಟ್‌ಗೆ ಇಳಿಸಿದರೂ ಸಾವಿರಾರು ಸಾಲು ಬೇಕು.

ಸಾಲುಗಳ ಅನುಕ್ರಮವೂ ಮುಖ್ಯ. ಒಳಗಿನ ಕ್ವೆರಿ ಪ್ರತಿ ಬೆಳೆಗಾರರಿಗೂ ಹೊಸದಾಗಿ ಓಡುವಾಗ ಹಿಂದಿನವರ ಉತ್ತರ ಅಂಟಿಕೊಂಡು ಉಳಿಯುವ ಬಗ್‌ಗಳಿವೆ. ತಂದವರು, ತಾರದವರು, ಮತ್ತೆ ತಂದವರು ಅಂತ ಹೆಣೆದು ಇಟ್ಟರೆ ಇವು ಬೇಗ ಸಿಕ್ಕಿಬೀಳುತ್ತವೆ. ಹಾಗೆಯೇ ಹೊರಗೂ ಒಳಗೂ ಒಂದೇ ಹೆಸರಿನ ಕಾಲಂ ಇಟ್ಟು ಒಮ್ಮೆ, ಹೊರಗೆ ಮಾತ್ರ ಇಟ್ಟು ಒಮ್ಮೆ ನೋಡಿ. ಒಳಗಿನ ಟೇಬಲಿನಲ್ಲಿ ಆ ಹೆಸರು ಇಲ್ಲದಿದ್ದರೆ ಎಂಜಿನ್ ಎರರ್ ಹಾಕುವುದಿಲ್ಲ, ಹೊರಗಿನ ಟೇಬಲಿನಲ್ಲಿ ಹುಡುಕುತ್ತದೆ. ಇದೂ ನಿಯಮವೇ. ಶುರುವಿನ ದಿನಗಳಲ್ಲಿ ಬೆಂಗಳೂರಲ್ಲಿದ್ದಾಗ ನಾನು ಡಿಲೀಟ್ ಒಂದರಲ್ಲಿ ಹೀಗೇ ಕಾಲಂ ಹೆಸರು ತಪ್ಪಿ ಬರೆದು, ಇಡೀ ಟೇಬಲ್ ಅಳಿಸಿ, ಸಂಜೆಯವರೆಗೆ ಯಾರ ಮುಖವನ್ನೂ ನೋಡಿರಲಿಲ್ಲ. ಟೆಸ್ಟ್ ಸರ್ವರ್ ಆಗಿದ್ದರಿಂದ ಬಚಾವ್.

ಮಲೆನಾಡಿಂದ ಕೆಲಸ ಮಾಡುವವರಿಗೆ ಒಂದು ಮಾತು. ಕ್ವೆರಿ ಹುಟ್ಟಿಸುವ ಪ್ರೋಗ್ರಾಮಿನ ಸೀಡ್ ನಂಬರನ್ನು (ಅದೇ ನಂಬರ್ ಕೊಟ್ಟರೆ ಅವೇ ಕ್ವೆರಿಗಳು ಮತ್ತೆ ಹುಟ್ಟುತ್ತವೆ) ಓಡುವ ಮೊದಲೇ ಫೈಲಿಗೆ ಬರೆದಿಡಿ. ಒಂದು ಜುಲೈ ರಾತ್ರಿ ಹೀಗೆ ಓಡಲು ಬಿಟ್ಟಿದ್ದೆ. ತಪ್ಪು ಉತ್ತರ ಒಂದು ಸ್ಕ್ರೀನಿನಲ್ಲಿ ಕಾಣಿಸಿತು, ಕಾಫಿ ಲೋಟ ಇಟ್ಟು ಬರುವಷ್ಟರಲ್ಲಿ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದು ಎರಡು ದಿನ ಬರಲಿಲ್ಲ. ಆ ಬಗ್ ಮತ್ತೆ ಸಿಗಲೇ ಇಲ್ಲ.

ಅಂದಹಾಗೆ, ಭಾವನ ಕ್ವೆರಿಯಲ್ಲಿ ನಾಟ್ ಇನ್ ತೆಗೆದು, ಖಾತೆಗೆ ಖಾತೆ ಹೊಂದಿಸಿ ನಾಟ್ ಎಕ್ಸಿಸ್ಟ್ಸ್ ಹಾಕಿಕೊಟ್ಟೆ. ಅದು ಕೇಳುವುದು "ಇವರ ಸಾಲು ಒಂದಾದರೂ ಸಿಕ್ಕಿತಾ" ಅಂತಷ್ಟೇ, ಖಾಲಿ ಮನೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಪಟ್ಟಿ ಬಂತು. ಹೊಸನಗರದ ಹತ್ತೂ ಜನ ಇದ್ದರು. ಆ ಖಾತೆ ಇಲ್ಲದ ಚೀಟಿ ಯಾರದ್ದು ಅಂತ ಕೇಳಿದ್ದಕ್ಕೆ ಗುಮಾಸ್ತರು ಗೊತ್ತಿಲ್ಲ ಎಂದು ಜಾರಿಕೊಂಡರು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಅದು ನಮ್ಮನೆ ತೋಟದ್ದು ಕಣೋ. ನಮ್ಮ ಅಡಿಕೆಗೆ ನಮ್ಮ ಮಂಡೀಲಿ ಖಾತೆ ಎಂತಕ್ಕೆ ಅಂತ ಬಿಟ್ಟಿದ್ದೆ."