ರಾಮಪತ್ರೆ ಜಡ್ಡಿ ಅಂದರೇನು?

ಶಿರಸಿ, ಸಿದ್ದಾಪುರದ ಕಡೆ ಜಡ್ಡಿ ಅಂದರೆ ಕಾಲಿಟ್ಟರೆ ಹುಗಿಯುವ, ಬೇಸಿಗೆಯಲ್ಲೂ ನೀರು ಜಿನುಗುವ ನೆಲ. ಶಿರಸಿ ತಾಲೂಕಿನಲ್ಲಿ ಜಡ್ಡಿಗದ್ದೆ ಅನ್ನುವ ಊರೇ ಇದೆ. ಅಂಥ ನೆಲದಲ್ಲಿ ರಾಮಪತ್ರೆ ಬಳಗದ ಮರಗಳು ಕಾಡಾಗಿ ಬೆಳೆದಿದ್ದರೆ ಅದು ರಾಮಪತ್ರೆ ಜಡ್ಡಿ. ಸಸ್ಯಶಾಸ್ತ್ರದವರು ಮಿರಿಸ್ಟಿಕಾ ಸ್ವಾಂಪ್ ಎನ್ನುತ್ತಾರೆ. ಈ ಮರಗಳೆಲ್ಲ ಜಾಯಿಕಾಯಿಯ ಕಾಡು ನೆಂಟರು.

ನೋಡಬೇಕಾದ್ದು ಬೇರು. ಸದಾ ನೀರು ನಿಂತ ಕೆಸರಿನಲ್ಲಿ ಗಾಳಿಯಿಲ್ಲ, ಬೇರಿಗೆ ಉಸಿರು ಕಟ್ಟುತ್ತದೆ. ಅದಕ್ಕೆ ಈ ಮರಗಳು ಒಂದು ಉಪಾಯ ಮಾಡಿಕೊಂಡಿವೆ. ಕೆಸರಿನೊಳಗೆ ಅಡ್ಡ ಓಡುವ ಬೇರು ಅಲ್ಲಲ್ಲಿ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ ಮತ್ತೆ ಒಳಗೆ ಹೋಗುತ್ತದೆ. ಮೇಲೆದ್ದ ಆ ಭಾಗದಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಕೆಲವು ಮರಗಳಿಗೆ ಕಾಂಡದಿಂದಲೇ ಬೇರುಗಳು ಇಳಿದು ಕೆಸರಲ್ಲಿ ಊರಿಕೊಂಡಿರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಂಡ ಕರಾವಳಿಯವರಿಗೆ ಇದರಲ್ಲೇನು ಹೊಸದು ಅನ್ನಿಸಬಹುದು. ಆದರೆ ಇಲ್ಲಿರುವುದು ಉಪ್ಪು ನೀರಲ್ಲ, ಘಟ್ಟದ ಸಿಹಿನೀರು!

ಬೀಜದ ಕತೆ ಸ್ವಲ್ಪ ಕಷ್ಟದ್ದು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಕಾಯಿ ಒಡೆದಾಗ ಬೀಜದ ಸುತ್ತ ಕಾಣುವ ಕೆಂಪು ಹೊದಿಕೆಗೆ, ಅಂದರೆ ಪತ್ರೆಗೆ, ಮಂಗಟ್ಟೆ ಹಕ್ಕಿ ಬರುತ್ತದೆ, ಬೀಜವನ್ನು ದೂರ ಒಯ್ಯುವುದೂ ಅದೇ. ಆದರೆ ಆ ದಪ್ಪ ಬೀಜ ಒಣಗಿದರೆ ಸತ್ತಂತೆ. ಭತ್ತದ ಹಾಗೆ ಕಟ್ಟಿಟ್ಟು ಮುಂದಿನ ವರ್ಷ ಬಿತ್ತುವ ಮಾತೇ ಇಲ್ಲ.

ಹೆಸರಾಂತ ಜಡ್ಡಿ ಇರುವುದು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ, ಮಾವಿನಗುಂಡಿಯಿಂದ ಹೊನ್ನಾವರಕ್ಕೆ ಇಳಿಯುವ ದಾರಿಯ ಆಸುಪಾಸಿನಲ್ಲಿ. ಬಸ್ಸಿನಲ್ಲಿ ಹೋಗುವವರಿಗೆ ಏನೂ ಗೊತ್ತಾಗುವುದಿಲ್ಲ. ಮಾವು, ಗೋಡಂಬಿಯ ಕುಟುಂಬಕ್ಕೆ ಸೇರಿದ ಒಂದು ಮರವನ್ನು 2000ದಲ್ಲಿ ಹೊಸ ಜಾತಿ ಎಂದು ವಿವರಿಸಿದಾಗ, ಈ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು 2014ರಲ್ಲಿ ಹೆಸರು ಪಡೆದ ಇಲ್ಲಿನ ಕುಂಬಾರ ಕಪ್ಪೆ. ಹೆಣ್ಣು ಮೊಟ್ಟೆ ಇಟ್ಟು ಹೊರಟ ಮೇಲೆ ಗಂಡು ಮುಂಗಾಲುಗಳಿಂದ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಬೇರೆ ಪ್ರಾಣಿಯ ಕಣ್ಣಿಗೆ ಬೀಳದಿರಲಿ ಅಂತ ಇರಬೇಕು. ಸುತ್ತಲಿನ ಕಾಡು ಸಿಂಗಳೀಕಗಳ ನೆಲೆಯೂ ಹೌದು. 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನು ಅವುಗಳ ಹೆಸರಿನಲ್ಲೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು.

ಇಷ್ಟೆಲ್ಲ ಇದ್ದೂ ಜಡ್ಡಿಗಳು ಯಾಕೆ ಕಡಿಮೆಯಾದವು? ಕಾರಣ ಸರಳ. ಕಣಿವೆಯ ತಳ, ಎಂದೂ ಬತ್ತದ ನೀರು, ಕೊಳೆತ ಎಲೆಯ ಮಣ್ಣು. ಗದ್ದೆಗೆ, ಅಡಿಕೆ ತೋಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಹಿಂದಿನವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ, ಅವರಿಗೂ ಊಟ ಬೇಕಿತ್ತು ಅಲ್ವಾ. ಕೆಲವು ಕಡೆ ದೇವರ ಭಯವೇ ಕಾವಲಾಯಿತು. ಗೋವಾದ ಸತ್ತರಿ ತಾಲೂಕಿನ ಜಡ್ಡಿ ಉಳಿದದ್ದು ನಿರಂಕಾರ ದೇವರ ಬನವಾಗಿ. ದಕ್ಷಿಣ ಕೇರಳದಲ್ಲೂ ಇಂಥ ಜಡ್ಡಿಗಳಿವೆ, ಅಲ್ಲೂ ಸಣ್ಣ ಸಣ್ಣ ತುಂಡುಗಳೇ.

ಸಸಿ ನೆಟ್ಟು ಹೊಸ ಜಡ್ಡಿ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ತಾಜಾ ಬೀಜದಿಂದ ಸಸಿಯೇನೋ ಆಗುತ್ತದೆ. ಆದರೆ ಮೇಲಿನ ಗುಡ್ಡದ ಕಾಡು ಹೋದರೆ ಹಳ್ಳ ಬೇಸಿಗೆಯಲ್ಲಿ ಬತ್ತುತ್ತದೆ, ಕೆಸರು ಒಡೆದು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಸಸಿಯನ್ನಲ್ಲ, ಹಳ್ಳದ ತಲೆಯಲ್ಲಿರುವ ಗುಡ್ಡವನ್ನು.