ಕ್ರಿಯೇಟಿನಿನ್ ಸರಿಯಿದ್ದರೂ ಪೊಟ್ಯಾಸಿಯಮ್ ಸೋರುತ್ತಿರಬಹುದು

ಮೂತ್ರಪಿಂಡಗಳು ಸರಿಯಾಗಿವೆಯೇ ಎಂದು ತಿಳಿಯಲು ನಾವೆಲ್ಲ ಮೊದಲು ನೋಡುವುದು ರಕ್ತದ ಕ್ರಿಯೇಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ಒಂದು ತ್ಯಾಜ್ಯ) ಪ್ರಮಾಣವನ್ನು. ಆದರೆ ಅದು ತಿಳಿಸುವುದು ಸೋಸುವ ಕೆಲಸದ ಬಗ್ಗೆ ಮಾತ್ರ. ವಯಸ್ಕರಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿಕೊಂಡು ಮೂತ್ರಪಿಂಡದ ಸೋಸುವ ಘಟಕಗಳಾದ ನೆಫ್ರಾನ್‌ಗಳ ಸೂಕ್ಷ್ಮ ನಾಳಗಳಿಗೆ ಇಳಿಯುತ್ತದೆ. ಅದರಲ್ಲಿರುವ ಸೋಡಿಯಮ್‌ನ ಶೇ. 99ರಷ್ಟನ್ನು ನಾಳದ ಗೋಡೆಯ ಜೀವಕೋಶಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಈ ಮರುಹೀರಿಕೆಗೆ ಬೇಕಾದ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ, ಕ್ರಿಯೇಟಿನಿನ್ ವರ್ಷಗಟ್ಟಲೆ ಸಹಜವಾಗಿದ್ದರೂ ಲವಣಗಳು ಮೂತ್ರದಲ್ಲಿ ಹೋಗುತ್ತಲೇ ಇರುತ್ತವೆ.

ಇಂಥ ಕಾಯಿಲೆಗಳಲ್ಲಿ ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು 1966ರಲ್ಲಿ ಗಿಟೆಲ್‌ಮನ್ ಮತ್ತು ಸಹೋದ್ಯೋಗಿಗಳು ವಿವರಿಸಿದ ಗಿಟೆಲ್‌ಮನ್ ಸಿಂಡ್ರೋಮ್. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಮಾತ್ರೆ ಯಾವ ಪ್ರೋಟೀನನ್ನು ತಡೆಯುತ್ತದೆಯೋ ಅದೇ ಪ್ರೋಟೀನ್ ಇಲ್ಲಿ ಕೆಲಸ ಮಾಡುವುದಿಲ್ಲ. ಸೋಡಿಯಮ್ ನಷ್ಟವನ್ನು ತುಂಬಿಕೊಳ್ಳಲು ದೇಹ ಆಲ್ಡೊಸ್ಟಿರೋನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಆ ಹಾರ್ಮೋನು ನಾಳದ ಮುಂದಿನ ಭಾಗದಲ್ಲಿ ಸೋಡಿಯಮ್ ಉಳಿಸಿಕೊಳ್ಳುವ ಭರದಲ್ಲಿ ಪೊಟ್ಯಾಸಿಯಮ್ ಮತ್ತು ಆಮ್ಲವನ್ನು ಹೊರಹಾಕುತ್ತದೆ.

ಒಂದು ಮಾದರಿ ವರದಿಯನ್ನು ನೋಡೋಣ: ಪೊಟ್ಯಾಸಿಯಮ್ 2.7 (ಕಡಿಮೆ), ರಕ್ತದ ಕ್ಷಾರವಾದ ಬೈಕಾರ್ಬನೇಟ್ 31 (ಹೆಚ್ಚು), ಮೆಗ್ನೀಸಿಯಮ್ 1.2 (ಕಡಿಮೆ), ಕ್ರಿಯೇಟಿನಿನ್ 0.7 (ಸಹಜ), ರಕ್ತದೊತ್ತಡ 100/64. ರೋಗಿ ಹೇಳುವುದು ಸುಸ್ತು, ಸ್ನಾಯು ಸೆಳೆತ, ಬೆರಳುಗಳ ಜುಮುಗುಡುವಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಉಪ್ಪಿನ ಮೇಲೆ ವಿಪರೀತ ಆಸೆ. ಇದನ್ನು ಮಾನಸಿಕ ಒತ್ತಡವೆಂದು ತಳ್ಳಿಹಾಕುವುದು ಸುಲಭ, ಮತ್ತು ಅದು ರೋಗಿಗೆ ಮಾಡುವ ಅನ್ಯಾಯ. ಪೊಟ್ಯಾಸಿಯಮ್ ಕಡಿಮೆಯಿದ್ದಾಗ ಅದೇ ದಿನ ಮೂತ್ರದ ಪೊಟ್ಯಾಸಿಯಮ್, ಕ್ಲೋರೈಡ್ ಮತ್ತು ಕ್ಯಾಲ್ಸಿಯಮ್ ಪರೀಕ್ಷಿಸಬೇಕು. ದೀರ್ಘಕಾಲದ ವಾಂತಿಯಿಂದ ಪೊಟ್ಯಾಸಿಯಮ್ ಇಳಿದಿದ್ದರೆ ಮೂತ್ರದ ಕ್ಲೋರೈಡ್ ತೀರಾ ಕಡಿಮೆಯಿರುತ್ತದೆ. ಗಿಟೆಲ್‌ಮನ್‌ನಲ್ಲಿ ಕ್ಲೋರೈಡ್ ಹೋಗುತ್ತಲೇ ಇರುತ್ತದೆ, ಕ್ಯಾಲ್ಸಿಯಮ್ ಮಾತ್ರ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಮೂತ್ರವರ್ಧಕ ಮಾತ್ರೆಗಳೂ ಇದೇ ಚಿತ್ರವನ್ನು ತೋರಿಸಬಲ್ಲವಾದ್ದರಿಂದ ಅವನ್ನು ತೆಗೆದುಕೊಳ್ಳುತ್ತಿದ್ದೀರಾ ಎಂದು ಮೃದುವಾಗಿ, ಆದರೆ ತಪ್ಪದೆ ಕೇಳಬೇಕು.

ಚಿಕಿತ್ಸೆಯಲ್ಲಿ ನಾನು ಒತ್ತಿ ಹೇಳುವುದು ಮೆಗ್ನೀಸಿಯಮ್ ಬಗ್ಗೆ. ಅದು ಕಡಿಮೆಯಿರುವವರೆಗೆ ಪೊಟ್ಯಾಸಿಯಮ್ ಎಷ್ಟು ಕೊಟ್ಟರೂ ಮೂತ್ರದಲ್ಲಿ ಸೋರಿಹೋಗುತ್ತದೆ. ಒಂದೇ ಬಾರಿಗೆ ಹೆಚ್ಚು ಮೆಗ್ನೀಸಿಯಮ್ ಕೊಟ್ಟರೆ ಭೇದಿಯಾಗಿ ನಷ್ಟ ಇನ್ನೂ ಹೆಚ್ಚುವುದರಿಂದ ದಿನದಲ್ಲಿ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕಾಗುತ್ತದೆ. ಉಪ್ಪು ಕಡಿಮೆ ಮಾಡಿ ಎಂಬ ಎಲ್ಲರಿಗೂ ಸಲ್ಲುವ ಸಲಹೆ ಇವರಿಗೆ ಹಾನಿಕರ. ನಾಲಿಗೆ ಕೇಳುವ ಉಪ್ಪು ಇವರ ದೇಹಕ್ಕೆ ನಿಜವಾಗಿಯೂ ಬೇಕಾಗಿರುತ್ತದೆ. ವಾಂತಿ-ಭೇದಿಯಾದಾಗ ಮನೆಯಲ್ಲೇ ಕಾಯದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಪೊಟ್ಯಾಸಿಯಮ್ ಮತ್ತಷ್ಟು ಕುಸಿದರೆ ಹೃದಯದ ಲಯ ತಪ್ಪಬಹುದು.

ಇದಕ್ಕೆ ಹತ್ತಿರದ, ಲವಣ ಸೋರುವ ಇನ್ನೊಂದು ಕಾಯಿಲೆಯಾದ ಬಾರ್ಟರ್ ಸಿಂಡ್ರೋಮ್ ತೀವ್ರ ರೂಪದಲ್ಲಿದ್ದರೆ ಹುಟ್ಟುವ ಮುನ್ನವೇ ಸುಳಿವು ಕೊಡುತ್ತದೆ: ಗರ್ಭದ ನೀರು ಅತಿಯಾಗಿ, ಮಗು ಅವಧಿಗೆ ಮುನ್ನ ಹುಟ್ಟುತ್ತದೆ. ಮಕ್ಕಳ ಬಗ್ಗೆ ಹೇಳುವಾಗ ದೂರನಾಳದ ಆಮ್ಲೀಯತೆಯ ಕಾಯಿಲೆಯನ್ನೂ ಬಿಡಲಾಗದು. ಇಲ್ಲಿ ನಾಳದ ಕೊನೆಯ ಭಾಗಕ್ಕೆ ಆಮ್ಲವನ್ನು ಹೊರಹಾಕಲಾಗದೆ ಅದು ರಕ್ತದಲ್ಲೇ ಉಳಿಯುತ್ತದೆ. ಮಗು ಬೆಳೆಯುವುದಿಲ್ಲ, ಮೂಳೆಗಳು ಬಾಗಬಹುದು, ಮೂತ್ರಪಿಂಡದಲ್ಲಿ ಸುಣ್ಣ ಕೂಡುತ್ತದೆ, ಕೆಲವರಿಗೆ ಕಿವಿಯೂ ಮಂದವಾಗುತ್ತದೆ. ಬೇಗ ಗುರುತಿಸಿ ಕ್ಷಾರದ ಔಷಧಿಯನ್ನು ತಪ್ಪದೆ ಕೊಟ್ಟರೆ ಮಗುವಿನ ಎತ್ತರ ಮತ್ತೆ ಏರತೊಡಗುತ್ತದೆ, ಆದರೆ ಕಿವಿಯ ದೋಷ ಸಾಮಾನ್ಯವಾಗಿ ಅದರಿಂದ ಸರಿಹೋಗುವುದಿಲ್ಲ. ಬೆಳವಣಿಗೆ ಕುಂಠಿತವಾದ ಪ್ರತಿ ಮಗುವಿನ ರಕ್ತದಲ್ಲಿ ಬೈಕಾರ್ಬನೇಟ್ ಮತ್ತು ಪೊಟ್ಯಾಸಿಯಮ್ ನೋಡಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಗಿಟೆಲ್‌ಮನ್ ಖಚಿತವಾದವರ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರ ರಕ್ತವನ್ನೂ ಪರೀಕ್ಷಿಸಬೇಕು. ತಂದೆ-ತಾಯಿ ಇಬ್ಬರೂ ದೋಷವಿರುವ ವಂಶವಾಹಿಯ ಒಂದೊಂದು ಪ್ರತಿಯನ್ನು ಹೊತ್ತು ಆರೋಗ್ಯವಾಗಿರುತ್ತಾರೆ. ಹೀಗಿದ್ದಾಗ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಶೇ. 25.